ಊರು ಬಿಟ್ಟು ಬೆಂಗಳೂರಿಗೆ ಬಂದ ಕ್ರೈಸ್ತರು ತಮ್ಮ ಸಭೆಯನ್ನು ಆರಿಸಿಕೊಳ್ಳುವ ಬಗೆ

ಬೆಟಗೇರಿಯಿಂದಲೋ ಬೀದರಿನಿಂದಲೋ ಮಂಗಳೂರಿನಿಂದಲೋ ಕೆಲಸ ಹಿಡಿದು ಬೆಂಗಳೂರಿಗೆ ಬಂದ ಕ್ರೈಸ್ತ ಕುಟುಂಬಕ್ಕೆ ಮೊದಲ ಭಾನುವಾರವೇ ಎದುರಾಗುವ ಪ್ರಶ್ನೆ, ಆರಾಧನೆಗೆ ಎಲ್ಲಿಗೆ ಹೋಗಬೇಕು ಎಂಬುದು. ಊರಿನಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ; ಅಜ್ಜನಿಗೆ ದೀಕ್ಷಾಸ್ನಾನವಾದ ದೇವಾಲಯದಲ್ಲೇ ಮೊಮ್ಮಗನಿಗೂ ಆಗಿರುತ್ತದೆ. ಇಲ್ಲಿ ಮನೆಯಿಂದ ಅರ್ಧ ಗಂಟೆಯ ದಾರಿಯೊಳಗೆ ಹತ್ತಾರು ಸಭೆಗಳು, ಅಂದರೆ ಚರ್ಚುಗಳು, ಇದ್ದು ಪ್ರತಿಯೊಂದೂ ಪ್ರೀತಿಯಿಂದಲೇ ಬರಮಾಡಿಕೊಳ್ಳುತ್ತದೆ.

ಹುಡುಕಲು ಹೊರಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕುಳಿತು, ನಮ್ಮ ಆತ್ಮಕ್ಕೆ ಈಗ ಯಾವುದರ ಹಸಿವಿದೆ ಎಂದು ಪ್ರಾಮಾಣಿಕವಾಗಿ ಮಾತನಾಡಿಕೊಳ್ಳಬೇಕು. ಒಬ್ಬರಿಗೆ ಮೌನವೂ ಸಂಸ್ಕಾರವೂ ಬೇಕಾಗಿರಬಹುದು, ಇನ್ನೊಬ್ಬರಿಗೆ ಸತ್ಯವೇದವನ್ನು, ಅಂದರೆ ಬೈಬಲನ್ನು, ವಚನ ವಚನವಾಗಿ ಬಿಡಿಸಿ ಹೇಳುವ ಪ್ರಸಂಗ ಬೇಕಾಗಿರಬಹುದು. ಹೊಸ ಊರಿನಲ್ಲಿ ಒಂಟಿಯಾದವರಿಗೆ ಎಲ್ಲಕ್ಕಿಂತ ಮೊದಲು ಮನೆಗೆ ಬಂದು ಜೊತೆಯಲ್ಲಿ ಪ್ರಾರ್ಥಿಸುವ ಜನ ಬೇಕು. ಯಾವ ಸಭೆ ಒಳ್ಳೆಯದು ಎಂಬ ವಿಚಾರಣೆ ಇದಾದ ಮೇಲಿನದು.

ಪರಂಪರೆಗಳ ಸ್ಥೂಲ ಪರಿಚಯವೂ ಇರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳಿಂದ ಬಂದವರಿಗೂ ಹಳೆ ಮೈಸೂರಿನ ವೆಸ್ಲಿಯನ್, ಅಂದರೆ ಮೆಥಡಿಸ್ಟ್, ಸಭೆಗಳವರಿಗೂ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅಪರಿಚಿತವೆನಿಸದು, 1947ರ ಸೆಪ್ಟೆಂಬರ್ 27ರಂದು ಆ್ಯಂಗ್ಲಿಕನ್, ಮೆಥಡಿಸ್ಟ್ ಮುಂತಾದ ಧಾರೆಗಳು ಒಂದಾಗಿ ಅದು ಹುಟ್ಟಿತು. ಬೀದರ್ ಮತ್ತು ಕಲಬುರಗಿಯವರು ಸಾಮಾನ್ಯವಾಗಿ ಆ ಐಕ್ಯಕ್ಕೆ ಸೇರದೆ ಉಳಿದ ಇನ್ನೊಂದು ಮೆಥಡಿಸ್ಟ್ ಸಭೆಯವರು. ಕಥೋಲಿಕರಿಗೆ ಆಯ್ಕೆ ಬಹುಮಟ್ಟಿಗೆ ಸುಲಭ, ಏಕೆಂದರೆ ವಾಸವಿರುವ ಬಡಾವಣೆಯೇ ಅವರ ಧರ್ಮಕೇಂದ್ರವನ್ನು, ಅಂದರೆ ಸೇರಬೇಕಾದ ಚರ್ಚನ್ನು, ಗೊತ್ತುಮಾಡುತ್ತದೆ; ಅವರ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಮಾತ್ರ ಎಲ್ಲಿಗಾದರೂ ಹೋಗಬಹುದು. ಬ್ರದರನ್ ಸಭೆಗಳಲ್ಲಿ ವೇತನದ ಪಾದ್ರಿಯಿಲ್ಲದೆ ಹಿರಿಯರೇ ನಡೆಸುತ್ತಾರೆ, ಪ್ರತಿ ಭಾನುವಾರ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಪವಿತ್ರಾತ್ಮನ ವರಗಳಿಗೂ ಬಿಚ್ಚುಮನಸ್ಸಿನ ಸ್ತುತಿಗೂ ದೊಡ್ಡ ಸ್ಥಾನವಿದೆ. ಅಡ್ವೆಂಟಿಸ್ಟರ ಆರಾಧನೆ ಶನಿವಾರ.

ಇಷ್ಟೆಲ್ಲದರ ನಡುವೆ ಜನ ಕಡೆಗಣಿಸುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಭಾಷೆ. ನಾನು ಈ ಊರಿಗೆ ಬಂದ ಮೊದಲ ಎರಡು ವರ್ಷ, ಮನೆಗೆ ಹತ್ತಿರವೆಂಬ ಕಾರಣಕ್ಕೆ, ಇಂಗ್ಲಿಷ್ ಆರಾಧನೆಯ ಒಂದು ದೊಡ್ಡ ಸಭೆಗೆ ಹೋಗುತ್ತಿದ್ದೆ. ಗಾಯನ ಇಂಪಾಗಿತ್ತು, ಪ್ರಸಂಗವೂ ಚೆನ್ನಾಗಿತ್ತು. ಆದರೆ ಅವ್ವ ಆಸ್ಪತ್ರೆಗೆ ಸೇರಿದ ದಿನ ಅಲ್ಲಿ ಕಲಿತ ಒಂದು ಪ್ರಾರ್ಥನೆಯೂ ನನ್ನ ಬಾಯಿಗೆ ಬರಲಿಲ್ಲ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಇಪ್ಪತ್ತಮೂರನೆಯ ಕೀರ್ತನೆಯೇ ಬಂತು. ಅವ್ವ ಆಸ್ಪತ್ರೆಯಲ್ಲಿದ್ದ ಮೂರು ವಾರ ಆ ಸಭೆಯ ಯಾರೂ ವಿಚಾರಿಸಲಿಲ್ಲ, ನಾನೂ ಯಾರಿಗೂ ಹೇಳಿಕೊಂಡಿರಲಿಲ್ಲ. ಅದಾದ ಮೇಲೆ ಎರಡು ಬಸ್ಸು ಬದಲಿಸಿದರೂ ಸರಿ ಎಂದು ಕನ್ನಡ ಸಭೆಯೊಂದಕ್ಕೆ ಹೋಗತೊಡಗಿದೆ. ಕಾರ್ಪೊರೇಷನ್ ವೃತ್ತದ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಂತಹ ಕನ್ನಡ ಸಭೆಗಳು ನಗರದಲ್ಲಿವೆ; ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ತಮಿಳು, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲೂ ಬಲಿಪೂಜೆ ನಡೆಯುತ್ತದೆ.

ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಆರಾಧನೆ ಅರ್ಥವಾಗದು ಎಂಬ ಅಳುಕು ಅನೇಕರಿಗಿದೆ, ಅದು ಸುಳ್ಳೂ ಅಲ್ಲ. ನಮ್ಮ ಸಭೆಯಲ್ಲಿ ಪಕ್ಕ ಕುಳಿತ ಹಿರಿಯಮ್ಮನೊಬ್ಬರು ತಮ್ಮ ಅಂಚು ಸವೆದ ಗೀತೆಗಳ ಪುಸ್ತಕವನ್ನು ನನ್ನ ಮಗಳ ಮಡಿಲಲ್ಲಿಟ್ಟು, ಹಾಡು ಸಾಗಿದಂತೆ ಪ್ರತಿ ಸಾಲಿನ ಕೆಳಗೂ ಬೆರಳು ಸರಿಸುತ್ತಿದ್ದರು. ಮಗಳು ಕನ್ನಡ ಒತ್ತಕ್ಷರಗಳನ್ನು ಓದಲು ಕಲಿತದ್ದು ಹೀಗೆ. ಆದರೂ ಮಕ್ಕಳಿಗೆ ತೀರಾ ಕಷ್ಟವಾದರೆ ಸಂಡೇ ಸ್ಕೂಲನ್ನು ಎರಡು ಭಾಷೆಯಲ್ಲಿ ನಡೆಸುವ ಸಭೆ ಸಿಗುತ್ತದೆಯೇ ಎಂದು ಕೇಳಿ ನೋಡಿ.

ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ. ಕಡಿಮೆಯೆಂದರೆ ನಾಲ್ಕು ಭಾನುವಾರ ಹೋಗಿ, ಅವುಗಳಲ್ಲಿ ಒಂದು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರವಾಗಿರಲಿ. ವಾರದ ನಡುವಿನ ಮನೆಕೂಟಕ್ಕೂ ಒಮ್ಮೆ ಹೋಗಿ ಬನ್ನಿ. ಆರಾಧನೆ ಮುಗಿದೊಡನೆ ಹೊರಡದೆ ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಿ. ಮೆಟ್ಟಿಲಿಳಿಯಲಾಗದ ವೃದ್ಧರ ಕೈ ಯಾರು ಹಿಡಿಯುತ್ತಾರೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳೊಂದಿಗೆ ಸಭಾ ಮಂಡಳಿಯ ಹಿರಿಯರು ನಿಂತು ಮಾತನಾಡುತ್ತಾರೆಯೇ, ಜಾತಿಯ ಗೆರೆ ಇಲ್ಲಿಯೂ ಎಳೆದಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಸಭೆಯವರು ಕಾಣಿಕೆಯಾಗಿ ತಂದ ಬೆಳೆಯನ್ನು ಕೂಗುವ ಸುಗ್ಗಿ ಹಬ್ಬದ ಹರಾಜಿಗೆ ಹೋಗಲು ಸಾಧ್ಯವಾದರೆ ತಪ್ಪಿಸಬೇಡಿ. ಒಂದು ಕುಂಬಳಕಾಯಿಯನ್ನು ಸಾವಿರಾರು ರೂಪಾಯಿಗೆ ಕೂಗುವವರಿಗೆ ಸಿಕ್ಕುವ ಚಪ್ಪಾಳೆಯೂ, ಸೊಪ್ಪಿನ ಕಟ್ಟು ತಂದಿಟ್ಟ ಬಡವರಿಗೆ ಸಿಕ್ಕುವ ಮರ್ಯಾದೆಯೂ ಸರಿಸಮವಾಗಿದ್ದರೆ ಆ ಸಭೆಯನ್ನು ನಂಬಬಹುದು.

ಪ್ರಸಂಗಿ ಹಿಡಿಸಿದರೆಂಬ ಒಂದೇ ಕಾರಣಕ್ಕೆ ಸೇರುವುದು ಜಾಣತನವಲ್ಲ. ಸಿ.ಎಸ್.ಐ., ಮೆಥಡಿಸ್ಟ್, ಕಥೋಲಿಕ ಸಭೆಗಳಲ್ಲಿ ಅಯ್ಯನವರಾಗಲಿ ಫಾದರಾಗಲಿ ಕೆಲವು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಉಳಿಯುವುದು ಜನ. ಸ್ವತಂತ್ರ ಸಭೆಗಳಲ್ಲಿ ಸ್ಥಾಪಕ ಪಾಸ್ಟರೇ ಕೊನೆಯವರೆಗೂ ಇರುವುದುಂಟು. ಅಲ್ಲಿ ಕಾಣಿಕೆ ಮತ್ತು ದಶಮಾಂಶದ, ಅಂದರೆ ಆದಾಯದಲ್ಲಿ ಕೊಡುವ ಹತ್ತನೇ ಒಂದು ಪಾಲಿನ, ಲೆಕ್ಕವನ್ನು ಅವರ ಮನೆಯವರಲ್ಲದೆ ಬೇರೆ ಯಾರು ನೋಡುತ್ತಾರೆ ಎಂದು ವಿನಯದಿಂದಲೇ ಕೇಳಿ. ಉತ್ತರ ಕೊಡಲು ಸಿಡುಕುವ ಕಡೆ, ಮತ್ತು ಪ್ರಾರ್ಥನೆ ಸಾಕು, ಮಾತ್ರೆ ನಿಲ್ಲಿಸಿ ಎಂದು ರೋಗಿಗೆ ಹೇಳುವ ಕಡೆ ಮತ್ತೆ ಹೆಜ್ಜೆಯಿಡಬೇಡಿ.

ಸೇರುವ ಮುನ್ನ ಸಭಾಪಾಲಕರೊಡನೆ ಕುಳಿತು ಕೆಲವು ವಿಷಯಗಳನ್ನು ಬಿಚ್ಚಿ ಮಾತನಾಡುವುದು ಅಗತ್ಯ. ಶಿಶುವಾಗಿದ್ದಾಗ ಪಡೆದ ದೀಕ್ಷಾಸ್ನಾನವನ್ನು ಬ್ರದರನ್, ಪೆಂತೆಕೋಸ್ತ್ ಸಭೆಗಳು ಸಾಮಾನ್ಯವಾಗಿ ಒಪ್ಪದೆ, ಮತ್ತೆ ಮುಳುಗಿ ಪಡೆಯಬೇಕೆನ್ನುತ್ತವೆ. ಇದು ನಿಮ್ಮ ತಂದೆತಾಯಿಯ ನಂಬಿಕೆಯ ಬಗೆಗಿನ ಮಾತೂ ಆಗಿರುವುದರಿಂದ ಆತುರದಲ್ಲಿ ಒಪ್ಪಬೇಡಿ, ಆತುರದಲ್ಲಿ ತಿರಸ್ಕರಿಸಲೂ ಬೇಡಿ. ದಂಪತಿಗಳಲ್ಲಿ ಒಬ್ಬರು ಕಥೋಲಿಕರಾಗಿದ್ದರೆ ಬಲಿಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ ಸ್ವೀಕಾರಕ್ಕೆ ಇರುವ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಮಕ್ಕಳ ಮದುವೆಗೆ ಮುನ್ನ ಸಭೆಯಲ್ಲಿ ಓದುವ ಪ್ರಕಟಣೆ, ಮನೆಯಲ್ಲಿ ಸಾವಾದರೆ ಸಮಾಧಿಗೆ ಸ್ಥಳ, ಇವುಗಳ ವಿಷಯದಲ್ಲಿ ಸದಸ್ಯತ್ವವಿಲ್ಲದವರು ಪಡುವ ಪಾಡನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಮನಸ್ಸು ನಿಂತ ಮೇಲೆ ಊರಿನ ಸಭೆಯಿಂದ ವರ್ಗಾವಣೆ ಪತ್ರವನ್ನೂ ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ತರಿಸಿಕೊಳ್ಳಿ. ಪತ್ರಕ್ಕಾಗಿ ಹೋದಾಗ ಅಲ್ಲಿನ ಬಾಕಿ ಚಂದಾ ತೀರಿಸಿ, ಹಳೆಯ ಹಿರಿಯರಿಂದ ಪ್ರಾರ್ಥನೆ ಮಾಡಿಸಿಕೊಂಡು ಬನ್ನಿ. ಹೊಸ ಸಭೆಯ ರಿಜಿಸ್ಟರಿನಲ್ಲಿ ಮನೆಯವರೆಲ್ಲರ ಹೆಸರು ಸರಿಯಾಗಿ ಬರೆದಿದ್ದಾರೆಯೇ ಎಂದು ನಿಂತು ನೋಡಿ, ಆ ವಾರದಿಂದಲೇ ಗಾಯಕವೃಂದಕ್ಕೋ ಸ್ತ್ರೀಯರ ಕೂಟಕ್ಕೋ ಸಂಡೇ ಸ್ಕೂಲಿಗೋ ಒಬ್ಬರಾದರೂ ಹೋಗತೊಡಗಿ.