ಹುಡುಗರೊಂದಿಗೆ ಕಲಬುರಗಿ: ನೆರಳು ನೋಡಿ ಹೊರಡಿ

ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಭೋಂಗಾ (ಸೈರನ್ನು) ನಿಂತು ದಶಕಗಳಾದವು. ಈಗ ಆ ಮಿಲ್ಲು ಆಟೋದವರಿಗೆ ಹೇಳುವ ವಿಳಾಸ. ಮಿಲ್ಲಿನ ಊರಲ್ಲಿ ಹುಡುಗರಿಗೆ ಏನಿದೆ ಅಂತ ನೆಂಟರು ಕೇಳುತ್ತಾರೆ. ಒಂದು ದಿನಕ್ಕೆ ಬೇಕಾದಷ್ಟಿದೆ. ಆದರೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು, ಹಾಗಾಗಿ ನಾನು ಹತ್ತಿರ-ದೂರ ನೋಡಿ ಅಲ್ಲ, ನೆರಳು ನೋಡಿ ಜಾಗಗಳನ್ನು ಜೋಡಿಸುತ್ತೇನೆ.

ಬೆಳಿಗ್ಗೆ ಮೊದಲು ಕೋಟೆ. ಒಳಗೆ ಹೋದವರು ಸೀದಾ ಮಸೀದಿಗೆ ನಡೆದರೆ ಕೆಟ್ಟರು. ಅದು ಮುಗಿಯುವಷ್ಟರಲ್ಲಿ ಬುರುಜಿನ ಕಲ್ಲು ಕಾದಿರುತ್ತದೆ. ಬುರುಜಿನ ಮೇಲಿನ ತೋಪು, ಅಂದರೆ ಫಿರಂಗಿ, ಮೊದಲು. ಅದರ ಉದ್ದ 29 ಅಡಿ. ಹೇಳಿದರೆ ಹುಡುಗರಿಗೆ ತಿಳಿಯದು, ಪಕ್ಕದಲ್ಲೇ ಹೆಜ್ಜೆ ಹಾಕಿ ಎಣಿಸಲಿ: ದೊಡ್ಡವರಿಗೆ ಹನ್ನೆರಡಾದರೆ ಸಣ್ಣವರಿಗೆ ಇಪ್ಪತ್ತರ ಹತ್ತಿರ. ದೊಡ್ಡವರೊಬ್ಬರು ಅಂಚಿನ ಕಡೆಗೇ ನಿಂತಿರಬೇಕು, ಓಡುವ ಕಾಲು ಅಲ್ಲಿಗೇ ಹೋಗುತ್ತದೆ.

ಬಿಸಿಲೇರಿದ ಮೇಲೆ ಜಾಮಾ ಮಸೀದಿ. 1367ರ ಈ ಕಟ್ಟಡಕ್ಕೆ ಬೇರೆ ಮಸೀದಿಗಳಂತೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಒಳಗೆ ತಂಪಿರುವುದು ಅದಕ್ಕೇ. ಅಂಚಿನ ಸಾಲಿನ ಕಮಾನುಗಳು ಅಗಲ, ಆದರೆ ಗಿಡ್ಡ ಕಂಬಗಳ ಮೇಲೆ ನಿಂತಿವೆ. ಒಂದು ತುದಿಯಿಂದ ಇಣುಕಿದರೆ ಒಂದರೊಳಗೊಂದು ಕಾಣುತ್ತವೆ. ಇಲ್ಲಿ ಅವಸರ ಮಾಡಬೇಡಿ.

ನಡು ಮಧ್ಯಾಹ್ನಕ್ಕೆ ಜಿಲ್ಲಾ ವಿಜ್ಞಾನ ಕೇಂದ್ರ. 1984ರದ್ದು, ಆದರೂ ಹಿಡಿ ತಿರುಗಿಸಿ, ಗುಂಡಿ ಒತ್ತಿ ನೋಡುವ ಆಟ ಹಳತಾಗಿಲ್ಲ. ಒಳಗೆ ಕಾಲಿಟ್ಟೊಡನೆ ತಾರಾಲಯದ ಆಟ ಎಷ್ಟು ಹೊತ್ತಿಗೆ ಎಂದು ಕೇಳಿ, ಉಳಿದದ್ದನ್ನು ಅದರ ಹಿಂದೆ-ಮುಂದೆ ನೋಡಿ. ಹೊರಗಿನ ಉದ್ಯಾನದ ಜಾರುಬಂಡೆ, ಉಯ್ಯಾಲೆ ಕೊನೆಗೆ. ಮೊದಲು ಅಲ್ಲಿಗೆ ಬಿಟ್ಟರೆ ಹುಡುಗರು ಒಳಗೆ ಬರುವುದಿಲ್ಲ, ಕಬ್ಬಿಣವೂ ಸುಡುತ್ತದೆ.

ಹಫ್ತ್ ಗುಂಬಜ್ ಹೊತ್ತಿದ್ದರೆ ಮಾತ್ರ. ಹೆಸರಿನ ಅರ್ಥ ಏಳು ಗುಮ್ಮಟ, ಬಹಮನಿ ಸುಲ್ತಾನರ ಮನೆತನದ ಗೋರಿಗಳು. ಅವಳಿ ಗುಮ್ಮಟದ ಫಿರೋಜ್ ಶಾಹನ ಗೋರಿಯೊಂದನ್ನು ನೋಡಿದರೂ ಸಾಕು.

ಸಂಜೆ ಬುದ್ಧ ವಿಹಾರ, ಸೇಡಂ ರಸ್ತೆಯ ಕಡೆ, ವಿಶ್ವವಿದ್ಯಾಲಯದ ಹತ್ತಿರ. 2009ರಲ್ಲಿ ಉದ್ಘಾಟನೆಯಾದದ್ದು. ಚಪ್ಪಲಿ ಹೊರಗೇ ಬಿಡಬೇಕು. ಮಧ್ಯಾಹ್ನ ಹೋದರೆ ಹಾಸುಗಲ್ಲು ಸಣ್ಣ ಪಾದ ಸುಡುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ.

ತಲೆಗೆ ಎರಡು ಲೀಟರಿನಂತೆ ನೀರು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಸೂಸಲಾ-ಮಿರ್ಚಿ (ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ಊರೊಳಗೆ ತಿರುಗಿ ಬಂದ ಮೇಲೆಯೇ, ಖಾರ ತಿಂದು ಬಿಸಿಲಲ್ಲಿ ಸುತ್ತಿದರೆ ಹುಡುಗರ ಹೊಟ್ಟೆ ಕೆಡುತ್ತದೆ. ವಿಹಾರಕ್ಕೆ ಹೋಗುವಾಗ ಆಟೋವನ್ನು ಹೋಗಿ-ಬರುವುದಕ್ಕೆ ಮಾತಾಡಿ, ಕಾಯುವ ಹೊತ್ತನ್ನೂ ಸೇರಿಸಿ. ಕತ್ತಲಾದ ಮೇಲೆ ಅಲ್ಲಿ ಖಾಲಿ ಆಟೋ ಸಿಗುವುದು ಕಷ್ಟ.