ಕೇಸ್ ಶೀಟಿನಲ್ಲಿ ಮೈಬಣ್ಣ ಬರೆಯುವುದು

ನಮ್ಮ ದೇಶದ ಇಂಗ್ಲಿಷ್ ಸಿನಿಮಾ ಪುರವಣಿಗಳಲ್ಲಿ ‘ಡಸ್ಕಿ’ ಎಂಬುದು ಹೊಗಳಿಕೆಯ ಮಾತು. ಎಣ್ಣೆಗಪ್ಪು ಬಣ್ಣದ ನಟಿಯರಿಗೆ, ರೂಪದರ್ಶಿಯರಿಗೆ ಮೀಸಲು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಇದೇ ಪದ ಕೇಳಿಸಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಬೇಕು. ರೋಗಿಯ ತುಟಿ, ಬೆರಳು ನೀಲಿಗಟ್ಟುತ್ತಿವೆ, ಆಮ್ಲಜನಕ ಸಾಲುತ್ತಿಲ್ಲ ಎಂದು ಅದರ ಅರ್ಥ. ಮಿಡ್‌ಲ್ಯಾಂಡ್ಸ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ವೃದ್ಧರ ವಾರ್ಡಿನ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಬಣ್ಣ ಹೇಳುವ ಇಂಗ್ಲಿಷ್ ಪದಗಳನ್ನು ಇಲ್ಲಿ ಹೊಸದಾಗಿ ಕಲಿಯಬೇಕಾಯಿತು. ಕಲಿತ ಮೇಲೆ, ಕೆಲವನ್ನು ಬರೆಯದಿರುವುದನ್ನೂ ರೂಢಿಸಿಕೊಳ್ಳಬೇಕಾಯಿತು.

ಮೊದಲು ಜನರ ಬಾಯಿಯ ಮಾತು. ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆಯಾದ ಓಇಟಿಗೆ ಓದಿದ ಇಂಗ್ಲಿಷಿನಲ್ಲಿ ಇದು ಯಾವುದೂ ಇರಲಿಲ್ಲ. ಮಗಳು ಫೋನ್ ಮಾಡಿ ‘ಅಮ್ಮ ನಿನ್ನೆ ಪೀಕಿಯಾಗಿದ್ದರು’ ಎನ್ನುತ್ತಾಳೆ. ಮುಖ ಬಿಳುಚಿ ಸೊರಗಿತ್ತು ಎಂದು ತಿಳಿಯಬೇಕು. ಸ್ಕಾಟ್ಲೆಂಡಿನ ಗ್ಲ್ಯಾಸ್ಗೊದಿಂದ ಬಂದು ನೆಲೆಸಿದ ಅಜ್ಜನೊಬ್ಬರು ಅದನ್ನೇ ‘ಪೀಲಿ ವಾಲಿ’ ಎನ್ನುತ್ತಿದ್ದರು. ‘ಪೇಸ್ಟಿ’ ಎಂದರೂ ಬಿಳುಚೇ, ಆದರೆ ಬಿಸಿಲು ಕಾಣದೆ ಮನೆಯೊಳಗೇ ಕುಳಿತವರ ಬಿಳುಚು. ‘ಆಫ್ ಕಲರ್’ ಎಂದಾಗ ಬಣ್ಣಕ್ಕೂ ಮಾತಿಗೂ ಸಂಬಂಧವೇ ಇಲ್ಲದಿರಬಹುದು, ಮೈಗೆ ಸರಿಯಿಲ್ಲ ಎಂದಷ್ಟೇ. ‘ಸ್ಯಾಲೋ’ ಎಂದರೆ ಕಳೆಗೆಟ್ಟ ಹಳದಿ ಛಾಯೆ; ಕೇಳಿದ ಕೂಡಲೇ ನಾನು ಕಣ್ಣಿನ ಬಿಳಿಭಾಗ ನೋಡಿ ಕಾಮಾಲೆ ಇದೆಯೇ ಎಂದು ಪರೀಕ್ಷಿಸುತ್ತೇನೆ. ‘ರಡಿ’ ಎಂಬುದಕ್ಕೆ ಹೆದರಬೇಕಾಗಿಲ್ಲ. ಜೀವಮಾನವಿಡೀ ಗಾಳಿಯಲ್ಲಿ ದುಡಿದ ಬಿಳಿಯ ರೈತನ ಕೆನ್ನೆ ಹಾಗೆಯೇ ಕೆಂಪಗಿರುತ್ತದೆ. ಆದರೆ ಮೊಣಕಾಲಿನ ಮೇಲೆ ನೇರಳೆ ಬಣ್ಣದ ಬಲೆ ಹೆಣೆದಂತೆ ಕಾಣಿಸುವ ‘ಮಾಟಲ್ಡ್’ ಚರ್ಮ ರಕ್ತಪರಿಚಲನೆ ಕುಸಿಯುತ್ತಿರುವುದರ ಗುರುತಾಗಿರಬಹುದು. ಅದನ್ನು ಕಂಡರೆ ಡಾಕ್ಟರಿಗೆ ಹೇಳುವುದಕ್ಕೆ ತಡಮಾಡುವಂತಿಲ್ಲ.

‘ಫೇರ್’ ಮತ್ತು ‘ಡಾರ್ಕ್’ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ವಧೂವರರ ಜಾಹೀರಾತು ಓದುತ್ತ ಬೆಳೆದ ನಮಗೆ ಫೇರ್ ಎಂದರೆ ಬೆಳ್ಳಗಿನ ಮೈ. ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಗ್ಲೋ ಆ್ಯಂಡ್ ಲವ್ಲಿ ಆಯಿತು. ಜಾಹೀರಾತುಗಳ ಭಾಷೆ ಹೆಚ್ಚೇನೂ ಬದಲಾದಂತಿಲ್ಲ. ಇಲ್ಲಿ ಬಿಳಿಯರು ತಮ್ಮವರನ್ನೇ ಫೇರ್ ಅಥವಾ ಡಾರ್ಕ್ ಎಂದರೆ ಬಹಳ ಸಲ ಕೂದಲಿನ ಬಣ್ಣದ ಮಾತು. ಮರೆವಿನ ಕಾಯಿಲೆಯ ರೋಗಿಯೊಬ್ಬರು ಸಂಜೆ ವಾರ್ಡಿನಿಂದ ಕಾಣೆಯಾದಾಗ ಅವರ ತಂಗಿ ಕೊಟ್ಟ ವಿವರಣೆಯಲ್ಲಿ ‘ಡಾರ್ಕ್’ ಎಂದಿತ್ತು. ಹುಡುಕಲು ಹೊರಟ ಕೇರಳದ ಹೊಸ ಹುಡುಗನಿಗೆ, ಅವರು ಕಪ್ಪು ಕೂದಲಿನ ಬಿಳಿಯ ಹೆಂಗಸು ಎಂದು ಬಿಡಿಸಿ ಹೇಳಿ ಕಳುಹಿಸಿದೆ. ಅಂಥ ಹೊತ್ತಿನಲ್ಲಿ ಪೊಲೀಸರಿಗೂ ವಿವರ ಕೊಡಬೇಕಾಗುತ್ತದೆ. ನೋಟಕ್ಕೆ ಕಾಣುವ ರೂಪವನ್ನು ಸೂಚಿಸಲು ಬ್ರಿಟನ್ನಿನ ಪೊಲೀಸರಿಗೆ ಅವರದೇ ಸಂಕೇತಗಳಿವೆ: ಐಸಿ1 ಎಂದರೆ ಉತ್ತರ ಯುರೋಪಿನ ಬಿಳಿಯರು, ಐಸಿ3 ಎಂದರೆ ಕಪ್ಪುಜನ, ನಾವು ಐಸಿ4. ಸುಮ್ಮನೆ ‘ಏಷ್ಯನ್’ ಎಂದರೂ ಇಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯವರು ಎಂದೇ ಅರ್ಥ. ಚೀನಾ, ಜಪಾನಿನವರು ಮನಸ್ಸಿಗೆ ಬರುವುದಿಲ್ಲ. ನಮ್ಮೂರಿನ ಪೊಲೀಸ್ ಪ್ರಕಟಣೆಗಳ ‘ಗೋಧಿ ಮೈಬಣ್ಣ’ವನ್ನು ‘ವೀಟಿಶ್’ ಎಂದು ಬರೆದರೆ ಇಲ್ಲಿ ಯಾರಿಗೂ ಅರ್ಥವಾಗದು.

ಎಂಬತ್ತು ದಾಟಿದ ಕೆಲವರು ನಮ್ಮನ್ನು ‘ಕಲರ್ಡ್’ ಎನ್ನುತ್ತಾರೆ. ಅವರ ಕಾಲದಲ್ಲಿ ಅದು ಸಭ್ಯ ಪದವಾಗಿತ್ತು, ಇಂದು ಅಲ್ಲ. ‘ಆ ಕಲರ್ಡ್ ನರ್ಸ್ ತುಂಬಾ ಒಳ್ಳೆಯವಳು’ ಎಂದು ಪ್ರೀತಿಯಿಂದ ಹೇಳುವ ಅಜ್ಜಿಯೊಂದಿಗೆ ನಾನು ಜಗಳಕ್ಕೆ ಇಳಿಯುವುದಿಲ್ಲ. ನನ್ನ ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಡುತ್ತೇನೆ. ಬೇಕೆಂದೇ ಚುಚ್ಚುವವರಿಗೆ ಕೊಡುವ ಉತ್ತರ ಬೇರೆ. ಇನ್ನು ಚಾಕೊಲೇಟ್, ಕ್ಯಾರಮೆಲ್ ಎಂದು ತಿಂಡಿಯ ಹೆಸರಿನಲ್ಲಿ ಮನುಷ್ಯರ ಬಣ್ಣ ಹೇಳುವುದನ್ನು ಹಲವರು ಒಪ್ಪುವುದಿಲ್ಲ, ನನಗೂ ಹಿಡಿಸುವುದಿಲ್ಲ. ವೈದ್ಯಕೀಯದಲ್ಲಿ ಮಾತ್ರ ಸ್ಟ್ರಾಬೆರಿ ಮಚ್ಚೆ, ಪೋರ್ಟ್ ವೈನ್ ಕಲೆ, ಹಾಲು ಬೆರೆಸಿದ ಕಾಫಿ ಬಣ್ಣದ ಚುಕ್ಕೆ ಎಂದೆಲ್ಲ ಇಡೀ ಮೆನು ಕಾರ್ಡೇ ಇದೆ.

ತೊಡಕು ಶುರುವಾಗುವುದು ಕೇಸ್ ಶೀಟಿನಲ್ಲಿ. ‘ಪಿಂಕ್’, ‘ಪೇಲ್’ (ಬಿಳುಚಿದ), ‘ಫ್ಲಶ್ಡ್’ (ಕೆಂಪೇರಿದ) ಮುಂತಾದ ಪದಗಳೆಲ್ಲ ಬಿಳಿ ಚರ್ಮವನ್ನು ನೋಡಿ ಹುಟ್ಟಿದವು. ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗರ್ 1952ರಲ್ಲಿ ರೂಪಿಸಿದ ನವಜಾತ ಶಿಶುವಿನ ಅಂಕಪದ್ಧತಿಯಲ್ಲಿ ಬಣ್ಣಕ್ಕೆ ಪೂರ್ಣ ಎರಡು ಅಂಕ ಸಿಗಬೇಕಾದರೆ ಮಗು ಮೈಯೆಲ್ಲ ಗುಲಾಬಿಯಾಗಿರಬೇಕು. ನನ್ನ ಅಕ್ಕನ ಮಕ್ಕಳು ಗುಲಾಬಿಯಾಗಿದ್ದುದನ್ನು ನಾನಂತೂ ಕಂಡಿಲ್ಲ! ಎನ್‌ಎಚ್‌ಎಸ್ ರೇಸ್ ಆ್ಯಂಡ್ ಹೆಲ್ತ್ ಅಬ್ಸರ್ವೇಟರಿ, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಜನಾಂಗೀಯ ತಾರತಮ್ಯವನ್ನು ಅಧ್ಯಯನ ಮಾಡುವ ಸಂಸ್ಥೆ, 2023ರ ವರದಿಯಲ್ಲಿ ಈ ಪದಗಳನ್ನೇ ಪ್ರಶ್ನಿಸಿತು. ಫಿಟ್ಸ್‌ಪ್ಯಾಟ್ರಿಕ್ ಮಾಪಕದ ಕಥೆಯೂ ಇಂಥದ್ದೇ; ಅದು ಚರ್ಮವನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. ಹಾರ್ವರ್ಡ್‌ನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಅದನ್ನು 1975ರಲ್ಲಿ ಮಾಡಿದ್ದು ಬೆಳಕಿನ ಚಿಕಿತ್ಸೆಯ ಪ್ರಮಾಣ ನಿರ್ಧರಿಸುವುದಕ್ಕೆ, ಅದೂ ಬಿಳಿ ಚರ್ಮದವರಿಗೆ. ಕಂದು ಮತ್ತು ಕಪ್ಪು ಚರ್ಮದ ಐದನೆಯ, ಆರನೆಯ ವರ್ಗಗಳು ಆಮೇಲೆ ಸೇರಿದವು. 2015ರಿಂದ ಮೊಬೈಲಿನ ಇಮೋಜಿಗೆ ಬಣ್ಣ ಆರಿಸುವಾಗ ಬರುವ ಐದು ಛಾಯೆಗಳ ಮೂಲವೂ ಇದೇ ಮಾಪಕ. ಅದು ಹೇಳುವುದು ಬಿಸಿಲಿಗೆ ಚರ್ಮ ಸುಡುತ್ತದೆಯೇ, ಕಂದುತ್ತದೆಯೇ ಎಂಬುದನ್ನು. ಹಾಸಿಗೆ ಹುಣ್ಣು ಹುಡುಕುವ ನನಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಹಾಸಿಗೆ ಹುಣ್ಣಿನ ಮೊದಲ ಹಂತಕ್ಕೆ ಪುಸ್ತಕ ಕೊಡುವ ಲಕ್ಷಣ, ಒತ್ತಿದರೂ ಬಿಳಿಯಾಗದ ಕೆಂಪು. ಜಮೈಕಾ ಮೂಲದ ಅಜ್ಜಿಯೊಬ್ಬರ ಹಿಮ್ಮಡಿಯಲ್ಲಿ ಕೆಂಪು ಕಾಣಿಸುವುದು ಎಲ್ಲಿಂದ ಬಂತು? ಹಿಂದಿನ ಪಾಳಿಯವರು ‘ಕೆಂಪಿಲ್ಲ’ ಎಂದು ಬರೆದಿದ್ದರು. ಬರೆದದ್ದು ಸುಳ್ಳಲ್ಲ. ನಾನು ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪರದೆ ಸರಿಸಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪು ಚರ್ಮದ ಮೇಲಿನ ನೇರಳೆ ಛಾಯೆ ಅಡಗಿಬಿಡುತ್ತದೆ. ಎರಡೂ ಪಾದಗಳನ್ನು ಪಕ್ಕಪಕ್ಕದಲ್ಲಿಟ್ಟು, ಕೈ ಬೆಚ್ಚಗೆ ಮಾಡಿಕೊಂಡು ಬೆರಳಿನ ಹಿಂಭಾಗದಿಂದ ಮುಟ್ಟಿದೆ. ಬಲ ಹಿಮ್ಮಡಿ ಎಡಕ್ಕಿಂತ ಬಿಸಿ. ಹೊರಬದಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗ ಸುತ್ತಲಿನದಕ್ಕಿಂತ ಕಪ್ಪಾಗಿ, ಅಂಚಿನಲ್ಲಿ ನೇರಳೆಯಾಗಿ, ಬಿಗಿದು ಹೊಳೆಯುತ್ತಿತ್ತು. ಒತ್ತಿದರೆ ಕಳಿತ ಸಪೋಟದ ಹಾಗೆ ಒಳಕ್ಕೆ ಹೋಗುತ್ತಿತ್ತು. ‘ನೋವಿದೆಯೇ?’ ಎಂದು ಕೇಳಿದೆ. ‘ನಿನ್ನೆಯಿಂದ ಉರಿಯುತ್ತಿದೆ ಮಗಳೇ, ಯಾರೂ ಕೇಳಲಿಲ್ಲ’ ಎಂದರು.

ಅವತ್ತು ಕೇಸ್ ಶೀಟಿನಲ್ಲಿ ಬರೆದದ್ದರ ಸಾರ ಇಷ್ಟು: ರೋಗಿಯ ಸಹಜ ಬಣ್ಣ ಗಾಢ ಕಂದು; ಬಲ ಹಿಮ್ಮಡಿಯ ಹೊರಬದಿಯಲ್ಲಿ ಇಷ್ಟಗಲದ ಜಾಗ ಸಹಜಕ್ಕಿಂತ ಕಪ್ಪು, ಅಂಚು ನೇರಳೆ; ಎಡಗಾಲಿಗಿಂತ ಬಿಸಿ, ಮೆತು, ನೋವಿದೆ; ಚರ್ಮ ಒಡೆದಿಲ್ಲ; ಹಗಲು ಬೆಳಕಿನಲ್ಲಿ ನೋಡಿದ್ದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಇಟ್ಟು ಅದನ್ನೂ ದಾಖಲಿಸಿದೆ. ಅಲ್ಲಿಂದಾಚೆಗೆ ಎಲ್ಲ ರೋಗಿಗಳಿಗೂ ಇದೇ ಕ್ರಮ, ಬಿಳಿಯರಿಗೂ. ಸಹಜ ಬಣ್ಣ ಯಾವುದು, ಅದರಿಂದ ಎತ್ತ ಬದಲಾಗಿದೆ, ಎಲ್ಲಿ, ಮುಟ್ಟಿದರೆ ಹೇಗಿದೆ. ‘ಡಿಸ್ಕಲರ್ಡ್’ ಎಂಬ ಒಂದೇ ಪದ ಬರೆದು ಮುಗಿಸುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ತಿಳಿಯದೆ ಮುಂದಿನ ಪಾಳಿಯವರು ಏನನ್ನು ಹೋಲಿಸಬೇಕು?

ಬಿಳುಚಿದ್ದಾರೆಯೇ ಎಂದು ತಿಳಿಯಲು ನಮ್ಮ ಬಣ್ಣದವರ ಕೆನ್ನೆ ನೋಡಿ ಫಲವಿಲ್ಲ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗ ನೋಡುವುದು ಊರಿನಲ್ಲೇ ಕಲಿತ ವಿದ್ಯೆ. ರಕ್ತಹೀನತೆ ಹುಡುಕಲು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ನೀಲಿಗಟ್ಟುವುದನ್ನು ತುಟಿಯ ಒಳಬದಿ, ವಸಡು, ನಾಲಗೆ, ಉಗುರಿನ ಬುಡದಲ್ಲಿ ಹುಡುಕುತ್ತೇನೆ. ಕಪ್ಪು ಚರ್ಮದವರು ಬಿಳುಚಿದರೆ ಬಿಳಿಯಾಗುವುದಿಲ್ಲ, ಬೂದಿಬಣ್ಣಕ್ಕೆ ತಿರುಗುತ್ತಾರೆ. ಇಂಗ್ಲಿಷಿನ ‘ಆ್ಯಶನ್’, ‘ಗ್ರೇ’ ಎಂಬ ಪದಗಳು ಇಲ್ಲಿ ‘ಪೇಲ್’ಗಿಂತ ಸರಿಯಾಗಿ ಕೆಲಸಕ್ಕೆ ಬರುತ್ತವೆ. ಇಂಥ ಚಿತ್ರಗಳು ಪಠ್ಯಪುಸ್ತಕದಲ್ಲಿ ಸಿಗದೆ ಬೇಸತ್ತು, ಲಂಡನ್ನಿನ ಸೇಂಟ್ ಜಾರ್ಜ್ಸ್‌ನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಇಬ್ಬರು ಅಧ್ಯಾಪಕರ ಜೊತೆ ಸೇರಿ 2020ರಲ್ಲಿ ಒಂದು ಕೈಪಿಡಿಯನ್ನೇ ಹೊರತಂದರು.

ಆಕ್ಸಿಮೀಟರ್ ಇರುವಾಗ ಬಣ್ಣ ನೋಡುವ ಗೋಜೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕದ ಶೇಕಡಾವಾರು ಮಟ್ಟ ಅಳೆಯುವ ಯಂತ್ರ. ದಾರಿಯಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇದ್ದೇ ಇರುತ್ತದೆ. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನದ ಪ್ರಕಾರ, ಯಂತ್ರ ತೃಪ್ತಿಕರ ಸಂಖ್ಯೆ ತೋರಿಸುತ್ತಿದ್ದರೂ ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹಾಗಾಗಿ ಸಂಖ್ಯೆ 94 ಎಂದರೂ ರೋಗಿ ಏದುಸಿರು ಬಿಡುತ್ತಿದ್ದರೆ ನಾನು ಡಾಕ್ಟರನ್ನು ಕರೆಯುತ್ತೇನೆ, ವಸಡಿನ ಬಣ್ಣವನ್ನೂ ಬರೆದಿಡುತ್ತೇನೆ.

ಸಹಜ ಬಣ್ಣ ಯಾವುದೆಂದು ತಿಳಿಯುವುದು ಹೇಗೆ? ರೋಗಿಯನ್ನೇ ಕೇಳುತ್ತೇನೆ: ‘ನಿಮ್ಮ ಮೈಬಣ್ಣವನ್ನು ನೀವು ಹೇಗೆ ಹೇಳುತ್ತೀರಿ?’ ಕೆಲವರು ನಗುತ್ತಾರೆ, ಯಾರೂ ಇದುವರೆಗೆ ಬೇಸರಪಟ್ಟಿಲ್ಲ. ಅವರು ಬಳಸಿದ ಪದವನ್ನೇ ಉದ್ಧರಣ ಚಿಹ್ನೆಯೊಳಗೆ ಬರೆಯುತ್ತೇನೆ. ಮಾತು ಬಾರದ ಸ್ಥಿತಿಯಲ್ಲಿದ್ದರೆ ಮನೆಯವರ ಮೊಬೈಲೇ ಗತಿ. ಒಬ್ಬ ಗುಜರಾತಿ ಅಜ್ಜನ ಮೊಮ್ಮಗ, ಅಜ್ಜ ಹಿಂದಿನ ತಿಂಗಳು ಮದುವೆಮನೆಯಲ್ಲಿ ಕುಳಿತಿದ್ದ ಫೋಟೊ ತೋರಿಸಿದ. ಹಾಸಿಗೆಯ ಮೇಲಿನ ಮುಖಕ್ಕೂ ಅದಕ್ಕೂ ತಾಳೆ ನೋಡಿದರೆ ಹಳದಿ ಎದ್ದು ಕಾಣುತ್ತಿತ್ತು. ಕಣ್ಣೂ ಅದನ್ನೇ ಹೇಳಿತು. ಸಂಜೆಗೇ ಪಿತ್ತಜನಕಾಂಗದ ರಕ್ತಪರೀಕ್ಷೆಗೆ ಕಳುಹಿಸಿದರು. ಈಗ ದಾಖಲಾಗುವ ದಿನವೇ ಅಂಥದೊಂದು ಫೋಟೊ ತೋರಿಸಲು ಮನೆಯವರನ್ನು ಕೇಳುತ್ತೇನೆ. ಮದುವೆ ಸ್ಟುಡಿಯೋದವರು ಬೆಳ್ಳಗೆ ಮಾಡಿಕೊಟ್ಟದ್ದು ಬೇಡ, ಮನೆಯಲ್ಲಿ ತೆಗೆದದ್ದು ಇರಲಿ ಎಂದು ಸೇರಿಸುತ್ತೇನೆ.