ಐಸಿಯು ರೋಗಿಯ ಆಮ್ಲಜನಕದ ಲೆಕ್ಕ ಹಾಕುವ ಬಗೆ

ಮಾನಿಟರ್‌ನಲ್ಲಿ ಸ್ಯಾಚುರೇಷನ್ 98 ಎಂದು ಕಂಡ ಕೂಡಲೇ ಆಮ್ಲಜನಕ ಸಾಲುತ್ತಿದೆ ಎಂದುಕೊಳ್ಳುವ ಅಭ್ಯಾಸವನ್ನು ಐಸಿಯುಗೆ ಹೊಸದಾಗಿ ಬಂದ ವೈದ್ಯರು ಮೊದಲು ಬಿಡಬೇಕು. ಆ ಅಂಕಿ ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ, ಹೃದಯ ಅದನ್ನು ಎಷ್ಟು ಸಾಗಿಸುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಪೂರೈಕೆಯನ್ನು ಅಳೆಯಲು ಹಿಮೋಗ್ಲೋಬಿನ್ (100 ಮಿ.ಲೀ. ರಕ್ತದಲ್ಲಿ ಎಷ್ಟು ಗ್ರಾಂ), 1.34 (ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವ ಆಮ್ಲಜನಕ, ಮಿ.ಲೀ.ಗಳಲ್ಲಿ) ಮತ್ತು ಸ್ಯಾಚುರೇಷನ್ (92 ಶೇಕಡಾ ಇದ್ದರೆ 0.92) ಇವನ್ನು ಗುಣಿಸಿ, ಬಂದದ್ದನ್ನು ಹೃದಯ ನಿಮಿಷಕ್ಕೆ ಹೊರದೂಡುವ ರಕ್ತದ ಲೀಟರ್ ಲೆಕ್ಕದಿಂದಲೂ 10ರಿಂದಲೂ ಗುಣಿಸಿರಿ. ರಕ್ತದಲ್ಲಿ ಕರಗಿರುವ ಆಮ್ಲಜನಕ ಬಹಳ ಕಡಿಮೆ. ಹಾಸಿಗೆಯ ಬಳಿಯ ಲೆಕ್ಕಕ್ಕೆ ಅದನ್ನು ಬಿಡಬಹುದು. ಆರೋಗ್ಯವಂತ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 1000 ಮಿ.ಲೀ. ಪೂರೈಕೆಯಾಗಿ ಸುಮಾರು 250 ಮಿ.ಲೀ. ಬಳಕೆಯಾಗುತ್ತದೆ.

ಈಗ ಹಿಮೋಗ್ಲೋಬಿನ್ 7.5, ಸ್ಯಾಚುರೇಷನ್ 92, ಹೃದಯದ ಹರಿವು 4 ಲೀಟರ್ ಇರುವ ರೋಗಿಯನ್ನು ಊಹಿಸಿಕೊಳ್ಳಿ. ಪೂರೈಕೆ ಕೇವಲ 370 ಮಿ.ಲೀ. ವೆಂಟಿಲೇಟರ್‌ನಲ್ಲಿ ಆಮ್ಲಜನಕ ಏರಿಸಿ ಸ್ಯಾಚುರೇಷನ್ 98ಕ್ಕೆ ತಂದರೆ ದಕ್ಕುವುದು 24 ಮಿ.ಲೀ. ಮಾತ್ರ, ಹರಿವನ್ನು 5 ಲೀಟರಿಗೆ ತಂದರೆ 92 ಮಿ.ಲೀ. ದಕ್ಕುತ್ತದೆ. ಆದ್ದರಿಂದ ವೆಂಟಿಲೇಟರ್‌ಗೆ ಕೈ ಹಾಕುವ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ಹೃದಯವನ್ನು ನೋಡಿ, ರಕ್ತಸ್ರಾವವಿದೆಯೇ ಎಂದು ಹುಡುಕಿ.

ಬಳಕೆಯ ಕಡೆಯನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಳಕೆ ಸುಮಾರು 10 ಶೇಕಡಾ ಏರುತ್ತದೆ. ನಡುಕ, ನೋವು, ಉಸಿರಾಟದ ಶ್ರಮ ಇದನ್ನು ಇನ್ನೂ ಹೆಚ್ಚಿಸುತ್ತವೆ. ಹೊದಿಕೆ ಸರಿಸಿ ನೋಡಿ: ದವಡೆಯೂ ಎದೆಯ ಸ್ನಾಯುಗಳೂ ಸಣ್ಣಗೆ ಅದುರುತ್ತಿದ್ದರೆ ಅದೇ ನಡುಕದ ಆರಂಭ, ಚಿಕಿತ್ಸೆಯೂ ಅಲ್ಲಿಂದಲೇ ಆರಂಭವಾಗಬೇಕು.

ಸೆಂಟ್ರಲ್ ಲೈನ್‌ನಿಂದ (ಹೃದಯದ ಬಳಿಯ ದೊಡ್ಡ ಅಭಿಧಮನಿಗೆ ಹಾಕಿದ ನಳಿಕೆಯಿಂದ) ತೆಗೆದ ರಕ್ತದ ಸ್ಯಾಚುರೇಷನ್ 70ಕ್ಕಿಂತ ಬಹಳ ಕೆಳಗಿದ್ದರೆ ಅಂಗಾಂಶಗಳು ಬಂದುದರಲ್ಲಿ ಸಹಜಕ್ಕಿಂತ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತಿವೆ ಎಂದರ್ಥ. ಅದು 80 ದಾಟಿಯೂ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ರಕ್ತದಲ್ಲಿ ಹೆಚ್ಚುವ ವಸ್ತು) ಏರುತ್ತಿದ್ದರೆ ನೆಮ್ಮದಿಪಡಬಾರದು. ನಂಜು ಏರಿದ ರೋಗಿಯಲ್ಲಿ ಜೀವಕೋಶಗಳಿಗೆ ಬಂದ ಆಮ್ಲಜನಕವನ್ನು ಬಳಸಲಾಗದ ಸ್ಥಿತಿ ಅದಾಗಿರಬಹುದು. ಅಡ್ರಿನಲಿನ್ ಹರಿಸುತ್ತಿದ್ದರೂ, ಲಿವರ್ ಸೋತಿದ್ದರೂ ಲ್ಯಾಕ್ಟೇಟ್ ಏರುತ್ತದೆಂಬುದು ನೆನಪಿರಲಿ.

ಪೂರೈಕೆಯನ್ನು ಸಹಜ ಮಟ್ಟಕ್ಕಿಂತ ಮೇಲೇರಿಸುವ ಹಟವೂ ಬೇಡ. ಬ್ರಿಟನ್ನಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯದ ಬಡಿತಕ್ಕೆ ಬಲ ಕೊಡುವ ಡೋಬ್ಯೂಟಮಿನ್ ಔಷಧದಿಂದ ಹಾಗೆ ಏರಿಸಲು ಯತ್ನಿಸಿದ ಗುಂಪಿನಲ್ಲೇ ಹೆಚ್ಚು ರೋಗಿಗಳು ತೀರಿಕೊಂಡರು. ಪ್ರತಿ ಬದಲಾವಣೆಯ ನಂತರ ರೋಗಿಯ ಬೆರಳ ತುದಿಯನ್ನು ಬಿಳಚುವಂತೆ 10 ಸೆಕೆಂಡು ಒತ್ತಿ ಬಿಡಿ. 3 ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಹರಿವು ಇನ್ನೂ ಸಾಲದೆಂದು ಭಾವಿಸಿ ಲೆಕ್ಕವನ್ನು ಮೊದಲಿನಿಂದ ಹಾಕಿ.